ತಿಮಿಂಗಿಲದ ತವರು

ಬಸವಕಲ್ಯಾಣ
11 ಮೇ 1998

ಪ್ರೀತಿಯ ಸತೀಶ,

ನೀನು ಕಳಿಸಿದ ಚಿತ್ರದ ಕಾರ್ಡು ಬಂತು. ಅದರಲ್ಲಿ ತಿಮಿಂಗಿಲದ ಬರೀ ಬಾಲ ಕಾಣುತ್ತದೆ. ಉಳಿದದ್ದೆಲ್ಲ ನೀರಿನೊಳಗಿದೆ ಎಂದು ಅತ್ತೆಗೆ ಹೇಳಿದೆ. "ಬಾಲ ನೋಡಾಕ ಆಫ್ರಿಕಾಕ್ಕ ಹೋಗ್ಯಾನೇನು ನಿನ್ನ ತಮ್ಮ?" ಎಂದರು. ಕಾರ್ಡನ್ನು ಮಾತ್ರ ತಾವೇ ತೆಗೆದುಕೊಂಡು ಕನ್ನಡಿಯ ಸಂದಿಯಲ್ಲಿ ಸಿಗಿಸಿದ್ದಾರೆ.

ಒಂದು ಮಾತು ತಿಳಿಸಬೇಕು. ಹಿಂದಿನ ಎರಡೂ ಸಲ ಮೂರು ತಿಂಗಳು ದಾಟಿರಲಿಲ್ಲ. ಈ ಸಲ ದಾಟಿದೆ. ನಾಲ್ಕು ಮುಗಿಯುತ್ತ ಬಂತು. ನಾಗರ ಪಂಚಮಿಯ ಹೊತ್ತಿಗೆ ಏಳಕ್ಕೆ ಬೀಳುತ್ತದೆ. ಕುಬಸದ ಶಾಸ್ತ್ರ ಮಾಡಿ ಹೆರಿಗೆಗೆ ಕಳಿಸುತ್ತೇವೆ, ನಿನ್ನ ತಮ್ಮ ಕರೆಯಲು ಬರಲಿ ಎಂದು ಅತ್ತೆ ಹೇಳಿದ್ದಾರೆ. ಈ ಮನೆಯ ರೀತಿ ನಿನಗೆ ಗೊತ್ತು. ಸೊಸೆ ತಾನಾಗಿ ಬಸ್ಸು ಹತ್ತಿ ತವರಿಗೆ ಹೋಗುವಂತಿಲ್ಲ. ಒಡಹುಟ್ಟಿದವನು ಬಂದು, ಉಂಡು, ಒಂದು ರಾತ್ರಿ ಇದ್ದು, ಮುಂಜಾನೆ ಕರೆದುಕೊಂಡು ಹೋಗಬೇಕು. ಅತ್ತೆಯನ್ನೂ ಹಾಗೆಯೇ ಕರೆದೊಯ್ಯುತ್ತಿದ್ದರಂತೆ, ನಾದಿನಿಯನ್ನು ಇವರೇ ಹೋಗಿ ಕರೆತರುತ್ತಾರೆ.

ಅವ್ವ ಹೋಗಿ ಎರಡು ವರ್ಷವಾಯಿತು, ಹುಮನಾಬಾದದ ಮನೆಗೆ ಕೀಲಿ ಬಿದ್ದಿದೆ, ಅಲ್ಲಿ ಬಾಣಂತನ ಯಾರು ಮಾಡುತ್ತಾರೆ ಎಂದು ನೀನು ಕೇಳುತ್ತಿ. ಪಕ್ಕದ ಮನೆಯ ಆಮಿನಾ ಚಾಚಿ ನಾನು ಮಾಡುತ್ತೇನೆ ಎಂದಿದ್ದಾಳೆ. ಅವ್ವ ನಮ್ಮಿಬ್ಬರನ್ನೂ ಹೆತ್ತ ಒಳಕೋಣೆಯಲ್ಲೇ ಹೆರಬೇಕು ಅನಿಸುತ್ತದೆ. ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಪಂಚಮಿಗೆ ಬಾ.

ನಿನ್ನ ಅಕ್ಕ,
ರಾಜೇಶ್ವರಿ


ಕೇಪ್‌ಟೌನ್ ಹತ್ತಿರ
2 ಜೂನ್ 1998

ಅಕ್ಕನಿಗೆ ಶರಣು.

ಕಾಗದ ಹತ್ತು ದಿನಕ್ಕೆ ತಲುಪಿತು. ಓದಿ ಸಂತೋಷವಾಯಿತು. ಭಾರ ಎತ್ತಬೇಡ.

ಇಲ್ಲಿ ಈಗ ಚಳಿಗಾಲ. ನಮ್ಮ ಪ್ರಯೋಗಾಲಯದ ಹಿಂದೆ ಬಂಡೆಗಳು, ಬಂಡೆಗಳ ಕೆಳಗೆ ಒಂದು ಕೊಲ್ಲಿ. ವರ್ಷದ ಹೆಚ್ಚಿನ ಕಾಲ ಅದರಲ್ಲಿ ಏನೂ ಇರುವುದಿಲ್ಲ. ತಿಮಿಂಗಿಲಗಳು ದಕ್ಷಿಣದ ಹಿಮದ ಸಮುದ್ರದಲ್ಲಿ ಮೇಯುತ್ತಿರುತ್ತವೆ. ಅಲ್ಲಿ ಬೇರೆ ಬೇರೆ ತೀರಗಳವು ಒಂದೇ ಕಡೆ ಕಲೆಯುತ್ತವೆ. ಮರಿ ಹಾಕುವ ಕಾಲಕ್ಕೆ ಮಾತ್ರ ಒಂದೊಂದೂ ತನ್ನ ತನ್ನ ಕೊಲ್ಲಿಗೆ ಬರುತ್ತದೆ. ಜೂನಿನಿಂದ ಒಂದೆರಡು ಕಾಣಿಸಿಕೊಳ್ಳುತ್ತವೆ, ಆಗಸ್ಟಿನಲ್ಲಿ ಕೊಲ್ಲಿ ತುಂಬುತ್ತದೆ, ನವೆಂಬರಿನಲ್ಲಿ ಮರಿಗಳ ಜೊತೆ ಹೊರಟುಹೋಗುತ್ತವೆ.

ನಮ್ಮ ಕೆಲಸ ಆ ನಡುವೆಯೇ ಆಗಬೇಕು. ದೋಣಿಯಲ್ಲಿ ಹತ್ತಿರ ಹೋಗಿ ಟೊಳ್ಳು ಮೊನೆಯ ಸಣ್ಣ ಬಾಣ ಬಿಡುತ್ತೇವೆ. ಕಡಲೆಕಾಳಿನಷ್ಟು ಚರ್ಮ ಅದರಲ್ಲಿ ಸಿಕ್ಕಿ ಬರುತ್ತದೆ. ಅದನ್ನು ಉಪ್ಪು ಬೆರೆಸಿದ ದ್ರವದ ಶೀಶೆಯಲ್ಲಿ ಇಡುತ್ತೇವೆ. ಈ ಕೊಲ್ಲಿಯವೂ ಸಮುದ್ರದ ಆಚೆ ದಡದವೂ ಒಂದೇ ಸಮುದಾಯವೋ ಬೇರೆ ಬೇರೆಯೋ ಎಂದು ಆ ಚರ್ಮದ ಡಿಎನ್ಎಯಿಂದ ತಿಳಿಯಬೇಕು. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ ಇವೆ.

ಪಂಚಮಿಯ ಹೊತ್ತಿಗೆ ತಾಯಿಗಳು ಬರುತ್ತಿರುತ್ತವೆ. ಆಗ ಬಿಟ್ಟು ಬಂದರೆ ಇಡೀ ವರ್ಷ ಹೋದಂತೆ. ಡಿಸೆಂಬರಿನಲ್ಲಿ ರಜೆ ಇದೆ. ಆಗ ಕೂಸನ್ನೂ ನಿನ್ನನ್ನೂ ಒಟ್ಟಿಗೆ ಕರೆದೊಯ್ಯುತ್ತೇನೆ. ನಿನ್ನ ಮನೆಯವರಿಗೆ, ಓಂಪ್ರಕಾಶ ಮಾಮಾಗೆ ಹೇಳು.

ಸತೀಶಕುಮಾರ


ಬಸವಕಲ್ಯಾಣ
29 ಜೂನ್ 1998

ಸತೀಶ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಅಷ್ಟು ದೊಡ್ಡ ಮೈಗೆ ಬಾಣಂತನದಲ್ಲಿ ಎಷ್ಟು ಕೊಡ ಎಣ್ಣೆ ಹಚ್ಚಬೇಕಾದೀತು, ಅಳವಿ ಬೀಜದ ಪಾಯಸಕ್ಕೆ ಎಷ್ಟು ಚೀಲ ಬೆಲ್ಲ ಬೇಕಾದೀತು ಎಂದು ಲೆಕ್ಕ ಹಾಕಿದರು. ಚರ್ಮವನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ ಎಂದಾಗ, "ಅಯ್ಯ, ಉಪ್ಪಿನಕಾಯಿ ಹಾಕಾಕತ್ತಾನ ಅನ್ನು" ಎಂದರು. ಇವರು ಅಂಗಡಿಯಿಂದ ಬಂದ ಮೇಲೆ ಅದನ್ನೇ ಮತ್ತೊಮ್ಮೆ ಹೇಳಿ ನಕ್ಕರು. ಪೈಪು, ನಳ ಮಾರುವವರಿಗೆ ತಿಮಿಂಗಿಲದ ಮೇಲೆ ಏನು ಹೇಳಲು ಬರುತ್ತದೆ, ಅವರೂ ನಕ್ಕರು.

ನೀನು ಬರೆದದ್ದನ್ನು ನಾನು ತಿಳಿದುಕೊಂಡದ್ದು ಹೀಗೆ. ಅವು ಮೇಯುವುದು ಎಲ್ಲೋ, ಹೆರುವುದಕ್ಕೆ ತವರಿಗೆ ಬರುತ್ತವೆ. ತಪ್ಪಿದ್ದರೆ ತಿದ್ದು. ಅದು ತಾಯಿಯ ಊರೇ ಎಂದು ನಿನಗೆ ಹೇಗೆ ಗೊತ್ತು?

ಮತ್ತೆ, ಅವನ್ನು ಕರೆಯಲು ಯಾರು ಹೋಗುತ್ತಾರೆ?

ಡಿಸೆಂಬರಿನ ಮಾತು ಅತ್ತೆಗೆ ಹೇಳಿದೆ. ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು.

ರಾಜೇಶ್ವರಿ


ಕೇಪ್‌ಟೌನ್ ಹತ್ತಿರ
14 ಜುಲೈ 1998

ಅಕ್ಕ,

ತಪ್ಪಿಲ್ಲ. ನಾವು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದನ್ನು ನೀನು ಒಂದು ಮಾತಿನಲ್ಲಿ ಹೇಳಿದ್ದೀ.

ಕರೆಯಲು ಯಾರೂ ಹೋಗುವುದಿಲ್ಲ. ಹುಟ್ಟಿದ ವರ್ಷ ತಾಯಿಯ ಪಕ್ಕದಲ್ಲಿ ಈಜಿದ ದಾರಿ ನೆನಪಿರುತ್ತದೆ ಎಂದು ಊಹೆ.

ತಾಯಿಯ ಊರು ಎಂದು ತಿಳಿಯುವುದು ಹೀಗೆ. ಜೀವಕೋಶದಲ್ಲಿ ಡಿಎನ್ಎ ಎರಡು ಕಡೆ ಇರುತ್ತದೆ. ನಡುವಿನ ಕೇಂದ್ರದಲ್ಲಿ ಇರುವುದು ಅಪ್ಪ ಅವ್ವ ಇಬ್ಬರಿಂದಲೂ ಬಂದದ್ದು, ಪ್ರತಿ ತಲೆಮಾರಿನಲ್ಲೂ ಕಲಸಿಹೋಗುತ್ತದೆ. ಮೂಗು, ಬಣ್ಣ, ಎತ್ತರ ಎಲ್ಲ ಅಲ್ಲಿಂದಲೇ. ಕೇಂದ್ರದ ಹೊರಗೆ ಮೈಟೊಕಾಂಡ್ರಿಯಾ ಎಂಬ ಸಣ್ಣ ಕಣಗಳಿವೆ. ಅವುಗಳಲ್ಲೂ ಸ್ವಲ್ಪ ಡಿಎನ್ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ, ಕಲಸುವುದಿಲ್ಲ. ಅದು ಮುಖದಲ್ಲಿ ಕಾಣುವುದಿಲ್ಲ.

ಈವರೆಗಿನ ಶೀಶೆಗಳಲ್ಲಿ ನಮಗೆ ಕಂಡದ್ದು: ತಾಯಿಯ ಕಡೆಯದನ್ನು ನೋಡಿದರೆ ಈ ಕೊಲ್ಲಿ ಬೇರೆ, ಆಚೆ ದಡ ಬೇರೆ. ಕೇಂದ್ರದ್ದನ್ನು ನೋಡಿದರೆ ಅಷ್ಟು ಅಂತರವಿಲ್ಲ. ಗಂಡುಗಳು ಎಲ್ಲೆಲ್ಲೋ ಕೂಡಿ ಹೋಗುತ್ತವೆ, ಹೆಣ್ಣು ತಾಯಿಯ ಜಾಗಕ್ಕೆ ಹಿಂದಿರುಗುತ್ತದೆ ಎಂದರೆ ಎರಡೂ ಹೊಂದುತ್ತವೆ. ನಮ್ಮಲ್ಲಿ ಇದಕ್ಕೆ ಉಲ್ಟಾ. ಗಂಡು ಇದ್ದಲ್ಲೇ ಇರುತ್ತಾನೆ, ಹೆಣ್ಣನ್ನು ಕಳಿಸುತ್ತಾರೆ. ನಿಮ್ಮ ಕಡೆಯ ಮೋರಖಂಡಿಯಂಥ ಒಂದು ಊರಿನ ಸೊಸೆಯರನ್ನು ಪರೀಕ್ಷಿಸಿದರೆ ಎಷ್ಟೋ ಊರುಗಳ ತಾಯಂದಿರು ಸಿಗುತ್ತಾರೆ.

ಅವ್ವನದು ನನ್ನಲ್ಲೂ ಇದೆ, ಆದರೆ ನನ್ನಲ್ಲೇ ನಿಲ್ಲುತ್ತದೆ. ನಿನಗೆ ಹೆಣ್ಣು ಹುಟ್ಟಿದರೆ ಅದು ಮುಂದೆ ಹೋಗುತ್ತದೆ.

ಬಸವಕಲ್ಯಾಣದಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ, ಹುಮನಾಬಾದದಲ್ಲಿ ಇರುವುದು ಕೀಲಿ ಹಾಕಿದ ಮನೆ. ವಿಚಾರ ಮಾಡಿದರೆ ನಿನಗೂ ಅಲ್ಲಿರುವುದೇ ಸರಿ ಅನಿಸೀತು. ಡಿಸೆಂಬರಿಗೆ ಮನೆ ತೆಗೆದು ಗಾಳಿಯಾಡಿಸಿ ಇಡಲು ಪಕ್ಕದ ಮನೆಯ ಜಲಾಲುದ್ದೀನ್ ಚಾಚಾಗೆ ಬರೆದಿದ್ದೇನೆ.

ಸತೀಶ


ಬಸವಕಲ್ಯಾಣ
31 ಜುಲೈ 1998

ಸತೀಶ,

ಮೊನ್ನೆ ಪಂಚಮಿ ಆಯಿತು. ನಮ್ಮ ಓಣಿಯಲ್ಲಿ ಬಂದ ಅಣ್ಣತಮ್ಮಂದಿರ ಗಾಡಿಗಳಿಗೆ ಜಾಗ ಸಾಲಲಿಲ್ಲ. ಎದುರುಮನೆಯ ಸೊಸೆಯನ್ನು ಕರೆಯಲು ಬಂದವನು ಹತ್ತನೇ ಇಯತ್ತೆಯ ಹುಡುಗ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ದೊಡ್ಡವರ ಹಾಗೆ ಕಟ್ಟೆಯ ಮೇಲೆ ಕೂತಿದ್ದ.

ಮಧ್ಯಾಹ್ನ ಜಲಾಲುದ್ದೀನ್ ಚಾಚಾ ಬಂದರು. ನೀನು ಬರೆದಿದ್ದು ಡಿಸೆಂಬರಿಗೆ ಮನೆ ತೆಗೆದಿಡಲು. ಅವರು ಆಗಲೇ ತೆಗೆದು, ಆಮಿನಾ ಚಾಚಿಯಿಂದ ಸಾರಿಸಿ, ಒಳಕೋಣೆಗೆ ಸುಣ್ಣ ಹೊಡೆಸಿ, ಒಂದು ಹಣಿಗೆ ಬಾಳೆಹಣ್ಣು ಹಿಡಿದುಕೊಂಡು ಬಸ್ಸು ಹತ್ತಿ ಬಂದಿದ್ದರು. ಶೇರವಾನಿ ಹಾಕಿದ್ದರು, ಅಪ್ಪನ ಮಣ್ಣಿಗೆ ಬಂದಾಗ ಹಾಕಿದ್ದಲ್ಲ, ಬೇರೆ. ಇವರು ಬರ್ರಿ ಕೂಡ್ರಿ ಎಂದು ಚಹಾ ಕೊಡಿಸಿದರು. ಅತ್ತೆ ಸೆರಗು ಹೊದ್ದು ಬಾಗಿಲ ಮರೆಯಿಂದ ಮಾತಾಡಿದರು. ಚಾಚಾ ನೇರವಾಗಿ ಹೇಳಿದರು: "ಬಸವಣಪ್ಪನ ಮಗಳಿಗೆ ಕರಿಯಾಕ ಬಂದೀನಿ. ಅವರ ಮನಿ ಕೀಲಿ ನನ್ನ ಹಂತೇಲಿ ಅದ."

ಯಾರೂ ಕೆಟ್ಟ ಮಾತು ಆಡಲಿಲ್ಲ. ಒಡಹುಟ್ಟಿದವನು ಬರಬೇಕ್ರಿ, ನಮ್ಮ ಮನೆತನದ ರೀತಿ ಹಾಂಗ ಅದ ಎಂದು ಅತ್ತೆ ಹೇಳಿದರು. ಹೌದ್ರಿ, ಖರೇ ಅದ ಎಂದು ಚಾಚಾ ಒಪ್ಪಿದರು. ಊಟಕ್ಕೆ ಇರಿ ಎಂದರೆ ಇರಲಿಲ್ಲ. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. ಬಾಳೆಹಣ್ಣನ್ನು ಓಣಿಯ ಮಕ್ಕಳಿಗೆ ಹಂಚಿದೆವು.

ನಿನ್ನ ಕಾಗದದ ಒಂದು ಸಾಲನ್ನು ದಿನಾ ಓದುತ್ತೇನೆ, ಯಾವುದೆಂದು ನಿನಗೆ ಗೊತ್ತಿರಬೇಕು. ಎಲ್ಲರೂ ಗಂಡು ಎನ್ನುತ್ತಾರೆ, ಅತ್ತೆ ಹೊಟ್ಟೆಯ ಆಕಾರ ನೋಡಿ ಗಂಡೇ ಎಂದಿದ್ದಾರೆ. ನಾನು ಯಾರಿಗೂ ಹೇಳಿಲ್ಲ. ಒಳಗೆ ಅವ್ವ ಹೊರಳುತ್ತಾಳೆ.

ರಾಜೇಶ್ವರಿ


ಕೇಪ್‌ಟೌನ್ ಹತ್ತಿರ
27 ಸೆಪ್ಟೆಂಬರ್ 1998

ಅಕ್ಕ,

ಈಚೆಗೆ ನಿನ್ನ ಕಾಗದ ಬಂದಿಲ್ಲ. ಚಾಚಾ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅವರಿಗೆ ಬರೆಯುತ್ತೇನೆ.

ಕೊಲ್ಲಿ ತುಂಬಿದೆ. ಪ್ರತಿ ತಿಮಿಂಗಿಲದ ತಲೆಯ ಮೇಲೆ ಬಿಳಿಯ ಒರಟು ಗಂಟುಗಳಿರುತ್ತವೆ, ಒಂದರ ಹಾಗೆ ಇನ್ನೊಂದಕ್ಕಿಲ್ಲ. ಅದರಿಂದ ಗುರುತು ಹಿಡಿಯುತ್ತೇವೆ. ಮೂರು ವರ್ಷದ ಹಿಂದಿನ ಫೋಟೋದಲ್ಲಿದ್ದ ಒಂದು ತಾಯಿ ಮತ್ತೆ ಬಂದಿದೆ, ಹೊಸ ಮರಿಯ ಜೊತೆ. ನಮ್ಮ ದೋಣಿ ಹತ್ತಿರ ಹೋದಾಗ ಅದು ಓಡಲಿಲ್ಲ. ತಿರುಗಿ, ಮರಿಗೂ ನಮಗೂ ನಡುವೆ ಬಂದು ನಿಂತಿತು. ಬಾಣ ಅದರ ಬೆನ್ನಿಗೇ ತಾಗಿತು. ಮರಿಗಳಿಗೆ ಬಾಣ ಹೊಡೆಯುವುದಿಲ್ಲ. ತಾಯಿಯದು ಸಿಕ್ಕರೆ ಮರಿಯದೂ ಅರ್ಧ ಸಿಕ್ಕಂತೆ.

ನಿನಗೆ ಇನ್ನು ಹೆಚ್ಚು ದಿನವಿಲ್ಲ ಅನಿಸುತ್ತದೆ. ಆದ ಕೂಡಲೇ ಮಾಮಾಗೆ ಫೋನು ಹಚ್ಚಲು ಹೇಳು. ಪ್ರಯೋಗಾಲಯದ ನಂಬರನ್ನು ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ.

ಸತೀಶ


ಬಸವಕಲ್ಯಾಣ
24 ಅಕ್ಟೋಬರ್ 1998

ಶ್ರೀ ಸತೀಶಕುಮಾರ ಅವರಿಗೆ,
ಓಂಪ್ರಕಾಶ ಮಾಡುವ ಶರಣಾರ್ಥಿ.

ಎಸ್‌ಟಿಡಿ ಅಂಗಡಿಯಿಂದ ಎರಡು ಸಲ ಫೋನು ಹಚ್ಚಿದೆ. ಒಮ್ಮೆ ಯಾರೋ ಎತ್ತಿದರು, ನನಗೆ ಅವರ ಮಾತು ತಿಳಿಯಲಿಲ್ಲ. ನೀವು ದೋಣಿಯ ಮೇಲೆ ಇದ್ದಿರಬೇಕು.

ಹೋದ ಶನಿವಾರ ನೋವು ಶುರುವಾಯಿತು. ಆಸ್ಪತ್ರೆ ಹತ್ತಿರವೇ ಇದೆ, ತಡಮಾಡಲಿಲ್ಲ. ಕೂಸು ಹುಟ್ಟುವ ಮೊದಲೇ ಹೋಗಿತ್ತು. ಹೆಣ್ಣು. ರಕ್ತ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು. ಎಲ್ಲಿದ್ದರೂ ಹೀಗೇ ಆಗುತ್ತಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ನನಗೂ ಅವ್ವನಿಗೂ ಕೂಡಿಸಿಕೊಂಡು ಹೇಳಿದರು.

ನಿಮ್ಮ ಅಕ್ಕ ಈಗ ಎದ್ದು ಕೂಡುತ್ತಾಳೆ. ನಿಮಗೆ ನಾನೇ ಬರೆಯಲೇ ಎಂದು ಕೇಳಿದೆ. ಬರೀರಿ ಎಂದಳು.

ಓಂಪ್ರಕಾಶ


ಕೇಪ್‌ಟೌನ್ ಹತ್ತಿರ
16 ನವೆಂಬರ್ 1998

ಅಕ್ಕ,

ಮಾಮಾ ಬರೆದದ್ದು ತಲುಪಿತು. ಆ ಕಾಗದ ಮೇಜಿನ ಮೇಲೆ ಇದೆ.

ಇಲ್ಲಿ ಕೆಲಸ ಮುಗಿಯುತ್ತ ಬಂತು. ಕೊಲ್ಲಿಯಲ್ಲಿ ಕೆಲವೇ ಉಳಿದಿವೆ. ನಾನು ಹಿಂದೆ ಬರೆದಿದ್ದ ತಾಯಿ ಈಗ ಒಂಟಿಯಾಗಿ ತಿರುಗುತ್ತಿದೆ. ಮರಿ ಕಾಣುತ್ತಿಲ್ಲ. ಕಡತದಲ್ಲಿ ಹಾಗೆಯೇ ಬರೆದುಕೊಂಡೆವು. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೆ ಎಂದು ತಿಳಿಯದು. ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡರೆ ಮತ್ತೆ ಇದನ್ನೇ ಬರೆಯುತ್ತೇನೆ.

ಡಿಸೆಂಬರಿನ ರಜೆ ಇದೆ. ನಾನು ಬಂದರೆ ನಿನಗೆ ಹೇಗನಿಸುತ್ತದೆ ಎಂದು ಗೊತ್ತಾಗುತ್ತಿಲ್ಲ. ಬಾ ಎಂದು ಬರೆದರೆ ಬರುತ್ತೇನೆ.

ಸತೀಶ


ಬಸವಕಲ್ಯಾಣ
20 ಫೆಬ್ರುವರಿ 1999

ಸತೀಶ,

ಬಾ ಎಂದು ನಾನು ಬರೆಯಲಿಲ್ಲ. ನೀನು ಬರಲಿಲ್ಲ. ನೀನೂ ನನ್ನ ಹಾಗೆ ಯಾರಾದರೂ ಕರೆಯಲಿ ಎಂದು ಕಾಯುವವನಾದೆ.

ಇಲ್ಲಿ ಎಲ್ಲರೂ ಒಳ್ಳೆಯವರಾಗಿದ್ದಾರೆ. ಅತ್ತೆ ಮಗಳಿಗೆ ಮಾಡುವಂತೆ ಎಣ್ಣೆ ಹಚ್ಚಿ ನೀರು ಹಾಕಿದರು, ಅಳವಿ ಮಾಡಿ ತಿನ್ನಿಸಿದರು. ಕೂಸಿಲ್ಲದ ಬಾಣಂತನವನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಒಂದು ದಿನ ಎಣ್ಣೆ ತಿಕ್ಕುತ್ತ, "ಆ ಸಾಬರ ಹಿರಿಯಗ ತಿರುಗಿ ಕಳಿಸಬಾರದಿತ್ತು" ಎಂದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನಾನು ಬೆನ್ನು ಮಾಡಿ ಕೂತಿದ್ದೆ. ಎಲ್ಲಿದ್ದರೂ ಹಾಗೇ ಆಗುತ್ತಿತ್ತಂತಲ್ಲರಿ ಎಂದೆ.

ನಿನಗೆ ಹೇಳಬೇಕಾದದ್ದು ಬೇರೆ. ಆ ಜುಲೈ ತಿಂಗಳ ಕಾಗದದ ಸಾಲನ್ನು ನೀನು ಬರೆಯಬಾರದಿತ್ತು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ. ನೀನು ಬರೆಯದಿದ್ದರೆ ನಾನು ಒಂದು ಕೂಸನ್ನು ಕಳೆದುಕೊಂಡವಳು, ಅಷ್ಟೇ. ಅಂಥವರು ನಮ್ಮ ಓಣಿಯಲ್ಲೇ ಇನ್ನೂ ಇದ್ದಾರೆ, ನೀರು ತುಂಬಲು ಬರುತ್ತಾರೆ, ಮಾತಾಡುತ್ತಾರೆ. ಈಗ ನನ್ನ ಜೊತೆ ಅವ್ವನೂ ಮುಗಿಯುತ್ತಾಳೆ, ಅವಳ ಅವ್ವನೂ, ಅದರಾಚೆ ಹೆಸರು ಗೊತ್ತಿಲ್ಲದವರೂ. ಇಷ್ಟು ಜನರನ್ನು ಹೊತ್ತುಕೊಂಡಿದ್ದೇನೆ ಎಂದು ನನಗೆ ಯಾಕೆ ತಿಳಿಸಿದಿ? ತಿಳಿಸಿ ಅಲ್ಲೇ ಕೂತಿ.

ತಿಮಿಂಗಿಲದ ವಿಷಯ ಇನ್ನು ಬರೆಯಬೇಡ.

ರಾಜೇಶ್ವರಿ


ಕೇಪ್‌ಟೌನ್ ಹತ್ತಿರ
5 ಮೇ 1999

ಅಕ್ಕ,

ಬೇಡ ಎಂದಿದ್ದೀ. ಇದೊಂದು ಸಲ ಬರೆಯುತ್ತೇನೆ, ನನಗೆ ಬೇರೆ ಭಾಷೆ ಬರುವುದಿಲ್ಲ.

ಮೊದಲ ವರ್ಷದ ಶೀಶೆಗಳಲ್ಲಿ ಒಂದು ಹೆಣ್ಣಿನ ತಾಯಿ ಕಡೆಯ ಡಿಎನ್ಎ ಬೇರೆ ಯಾವುದರ ಹಾಗೂ ಇರಲಿಲ್ಲ. ಆ ಹೆಣ್ಣು ಆಮೇಲೆ ಕಾಣಲಿಲ್ಲ. ಬಹುಶಃ ಸತ್ತಿರಬೇಕು. ಆ ಎಳೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಹೋದ ವರ್ಷದ ಶೀಶೆಗಳನ್ನು ಈಗ ಓದುತ್ತಿದ್ದೇನೆ. ಅದೇ ಎಳೆ ಇನ್ನೊಂದರಲ್ಲಿ ಸಿಕ್ಕಿತು. ಕೇಂದ್ರದ ಡಿಎನ್ಎ ಹೋಲಿಸಿದರೆ ಇದು ಅದರ ಮಗಳಲ್ಲ. ತಂಗಿಯ ಮಗಳೋ, ಅಂಥ ಇನ್ನಾವುದೋ ಸಂಬಂಧ. ಕೊಲ್ಲಿಯ ಇನ್ನೊಂದು ತುದಿಯಲ್ಲಿತ್ತು, ನಾವು ಆ ಕಡೆ ದೋಣಿ ಒಯ್ದಿರಲಿಲ್ಲ.

ಘಾಟಬೋರಾಳದಲ್ಲಿ ಅವ್ವನ ತಂಗಿ ಇದ್ದಾಳೆ. ಯಶೋದಾಬಾಯಿ ಚಿಗವ್ವ. ಅಜ್ಜಿಯನ್ನು ನನ್ನ ಮನೆಗೇ ಬಾ ಎಂದು ಅವ್ವ ಒಂದು ಕೈ, ಚಿಗವ್ವ ಒಂದು ಕೈ ಎಳೆದು, ಅಜ್ಜಿ ಇಬ್ಬರ ಮನೆಗೂ ಹೋಗದೆ ಚಿಟಗುಪ್ಪಾದಲ್ಲಿ ಒಬ್ಬಳೇ ಸತ್ತಳು. ಆಮೇಲೆ ಇವರಿಬ್ಬರೂ ಮಾತಾಡಲಿಲ್ಲ, ಅವ್ವನ ಮಣ್ಣಿಗೂ ಚಿಗವ್ವ ಬರಲಿಲ್ಲ. ನಮಗೂ ಅವಳು ಇಲ್ಲದವಳಾದಳು. ಆದರೆ ಅಜ್ಜಿಯದು ಅವ್ವನಲ್ಲಿ ಎಷ್ಟಿತ್ತೋ ಚಿಗವ್ವನಲ್ಲೂ ಅಷ್ಟೇ ಇದೆ. ಅವಳಿಗೆ ಮನೀಷಾ ಎಂಬ ಮಗಳಿದ್ದ ನೆನಪು.

ನಾನು ಹೇಳಬಲ್ಲದ್ದು ಇಷ್ಟೇ. ಇದರಿಂದ ಏನಾಗಬೇಕು ಎಂದು ನನಗೆ ಗೊತ್ತಿಲ್ಲ.

ಇನ್ನೆರಡು ವರ್ಷ ಇಲ್ಲೇ ಇರಲು ಒಪ್ಪಿದ್ದೇನೆ.

ಸತೀಶ


ಬಸವಕಲ್ಯಾಣ
19 ಆಗಸ್ಟ್ 1999

ಸತೀಶ,

ಸೋಮವಾರ ಪಂಚಮಿ ಇತ್ತು. ಮುಂಜಾನೆ ಎದ್ದು ಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡು ಹೊರಗೆ ಬಂದೆ. ಅತ್ತೆ ಒಲೆಯ ಮುಂದೆ ಇದ್ದರು.

"ಯಾರು ಬಂದಾರ ಕರಿಯಾಕ?"

"ಯಾರೂ ಇಲ್ಲರಿ."

ಅವರು ನನ್ನ ಚೀಲವನ್ನು ನೋಡಿದರು. ಆಮೇಲೆ ಎರಡು ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಕಿಡಕಿಯ ಕಡೆ ಕೂಡು ಎಂದರು. ಇವರು ಸ್ಟ್ಯಾಂಡಿನ ತನಕ ಬಂದರು, ಎಲ್ಲಿಗೆ ಎಂದು ಕೇಳಲಿಲ್ಲ.

ಹುಮನಾಬಾದದಲ್ಲಿ ಬಸ್ಸು ಬದಲಿಸಬೇಕಾಯಿತು. ಮುಂದಿನ ಬಸ್ಸಿಗೆ ಇನ್ನೂ ತಡವಿತ್ತು. ಆದರೂ ತವರಿನ ಓಣಿಗೆ ಹೋಗಲಿಲ್ಲ.

ಘಾಟಬೋರಾಳದಲ್ಲಿ ಮನೆ ಕೇಳಿಕೊಂಡು ಹೋದೆ. ಚಿಗವ್ವ ಕಟ್ಟೆಯ ಮೇಲೆ ಕೂತು ಉದ್ದಿನಬೇಳೆ ಆರಿಸುತ್ತಿದ್ದಳು. ಕೈ ಅವ್ವನದೇ, ಹಾಗೆಯೇ ಹೆಬ್ಬೆರಳಿನಿಂದ ಕಲ್ಲು ಸಿಡಿಸುತ್ತಾಳೆ. ನಾನು ಯಾರೆಂದು ಹೇಳಲಿಲ್ಲ. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

"ಸುಂದರಾಬಾಯಿ ಕಳಿಸಿದಳೇನು?" ಎಂದಳು.

ಅವ್ವ ಸತ್ತ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಅವ್ವ ಹೋದಾಗ ನೀನು ಹೇಳಿಕಳಿಸಿದ್ದಿ ಎಂದು ನಾನು ತಿಳಿದಿದ್ದೆ, ನಾನು ಹೇಳಿಕಳಿಸಿದ್ದೇನೆ ಎಂದು ನೀನು ತಿಳಿದಿರಬೇಕು. ಬರಲಿಲ್ಲ ಎಂದು ಇಷ್ಟು ದಿನ ಅವಳ ಮೇಲೆ ಸಿಟ್ಟಿಟ್ಟುಕೊಂಡಿದ್ದೆವು. ನಾನೇ ಹೇಳಿದೆ. ಅವಳು ಅಳಲಿಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು, ಬೇಳೆ ಆರಿಸಲಿಲ್ಲ. ನೀರು ಕುಡೀತೀಯೇನು ಎಂದು ಕೇಳಿದಳು.

ಮನೀಷಾ ಬಾಣಂತನಕ್ಕೆ ಬಂದಿದ್ದಾಳೆ. ಒಳಗೆ ಸೀರೆಯ ಪರದೆ ಕಟ್ಟಿದೆ, ಬೆಳ್ಳುಳ್ಳಿ ಸಿಪ್ಪೆ, ಲೋಬಾನದ ಹೊಗೆ. ಹೆಣ್ಣು ಕೂಸು, ಇನ್ನೂ ತಿಂಗಳು ತುಂಬಿಲ್ಲ. ನನ್ನದು ಹೀಗಾಯಿತು ಎಂದು ಮುಚ್ಚದೆ ಹೇಳಿದೆ. ಹೇಳದೆ ಒಳಗೆ ಹೋಗಬಹುದಿತ್ತು. ಚಿಗವ್ವ ಎದ್ದು ಪರದೆಯ ಹತ್ತಿರ ನಿಂತಳು, ನೀನು ಬರೆದ ಆ ತಾಯಿಯ ಹಾಗೆ, ಕೂಸಿಗೂ ನನಗೂ ನಡುವೆ. ಅವಳದು ತಪ್ಪಲ್ಲ. ನಾನಾದರೂ ಹಾಗೇ ನಿಲ್ಲುತ್ತಿದ್ದೆ.

ಕೂಸನ್ನು ನನ್ನ ಉಡಿಯಲ್ಲಿ ಹಾಕಲಿಲ್ಲ. ನಾನೂ ಕೇಳಲಿಲ್ಲ. ಎಣ್ಣೆ ಬೆಚ್ಚಗೆ ಮಾಡಿ ಕೊಡು ಎಂದಳು, ಮಾಡಿ ಕೊಟ್ಟೆ. ಅವಳು ಹಚ್ಚುವಾಗ ಪರದೆ ಸರಿದಿತ್ತು, ಹೊಸ್ತಿಲಿನಿಂದ ನೋಡಿದೆ. ಕೂಸು ತನ್ನ ಅಪ್ಪನ ಹಾಗೆ ಇದೆಯಂತೆ. ಅಗಲ ಹಣೆ, ಕೆಂಪು ಬಣ್ಣ. ಅವ್ವನ ಗುರುತು ಒಂದೂ ಇಲ್ಲ. ಅದು ಮುಖದಲ್ಲಿ ಕಾಣುವುದಿಲ್ಲ ಎಂದು ನೀನು ಬರೆದಿದ್ದಿ. ಅದಕ್ಕೇ ಮುಖ ನೋಡುವುದನ್ನು ಬಿಟ್ಟೆ. ಅತ್ತಾಗ ಕಾಲು ಝಾಡಿಸುತ್ತಿತ್ತು, ಅದನ್ನು ನೋಡಿದೆ.

ಎರಡು ರಾತ್ರಿ ಇದ್ದೆ. ಹೊರಡುವಾಗ ಚಿಗವ್ವ ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಜೋಳ, ಕೊಬ್ಬರಿ ಬಟ್ಟಲು, ಒಂದು ಕುಬಸದ ಬಟ್ಟೆ. ಇಂಥ ಉಡಿಗೆ ಏನು ತುಂಬುತ್ತಿ ಎಂದು ನನ್ನ ಬಾಯಿಗೆ ಬಂತು, ಆಡಲಿಲ್ಲ. ಅವಳು ಬೊಗಸೆಯಲ್ಲಿ ಜೋಳ ಹಾಕುತ್ತಲೇ ಇದ್ದಳು, ಉಡಿ ಭಾರವಾಗಿ ಕೈಕೊಟ್ಟು ಏಳಿಸಬೇಕಾಯಿತು.

ಮುಂದಿನ ಪಂಚಮಿಗೆ ಕರೆಯಲು ಯಾರನ್ನಾದರೂ ಕಳಿಸುತ್ತೇನೆ ಎಂದಳು.

"ಕಳಿಸಬ್ಯಾಡ, ಚಿಗವ್ವ. ದಾರಿ ನೋಡೀನಿ," ಎಂದೆ.

ಬರುವಾಗಲೂ ಹುಮನಾಬಾದದಲ್ಲಿ ಇಳಿದೆ. ಈ ಸಲ ಓಣಿಗೆ ಹೋದೆ. ಚಾಚಾ ಕೀಲಿ ತಂದು ಕೊಟ್ಟರು. ಸುಣ್ಣ ಹೊಡೆಸಿದ ಒಳಕೋಣೆಯಲ್ಲಿ ಯಾರೂ ಮಲಗದೆ ವರ್ಷವಾಗಿದೆ, ಇನ್ನೂ ಬೆಳ್ಳಗಿದೆ. ಉಡಿಯ ಜೋಳವನ್ನು ಅರ್ಧ ಆಮಿನಾ ಚಾಚಿಗೆ ಕೊಟ್ಟು ಬಂದೆ.

ಕೀಲಿಯನ್ನು ನಾನೇ ಇಟ್ಟುಕೊಂಡಿದ್ದೇನೆ. ನೀನು ಎಂದಾದರೂ ಬಂದರೆ ಮೊದಲು ಬಸವಕಲ್ಯಾಣಕ್ಕೆ ಬಾ, ನನ್ನ ಹತ್ತಿರ ಕೇಳಬೇಕಾಗುತ್ತದೆ.

ನಿನ್ನ ಅಕ್ಕ,
ರಾಜೇಶ್ವರಿ